ಸಮಾನಾರ್ಥಕ ಪದಗಳ ಕಲಿಕೆ

ವಸತಿಶಾಲೆಗಳ ಆರನೆಯ ತರಗತಿಯ ಪ್ರವೇಶಪರೀಕ್ಷೆಗಾಗಿ ನಮ್ಮ ಬಾಲಕಿಯರು ‘ಕೈ, ಕರ, ಹಸ್ತ, ಪಾಣಿ’ ಎಂದು ಸಮಾನಾರ್ಥಕ ಪದಗಳನ್ನು ಕಂಠಪಾಠ ಮಾಡುವರು. ಅಂಕಗಳೇನೋ ದೊರೆಯಬಹುದು, ಆದರೆ ಪತ್ರವೊಂದನ್ನು ಬರೆಯಲು ಕುಳಿತಾಗ ತಡವರಿಸುವರು. ಏಕೆಂದರೆ ಆ ಪದಗಳು ಒಂದರ ಸ್ಥಾನದಲ್ಲಿ ಮತ್ತೊಂದು ನಿಲ್ಲತಕ್ಕವುಗಳಲ್ಲ. ಊಟವಾದ ಮೇಲೆ ತೊಳೆಯುವುದು ಕೈಯನ್ನೇ ಹೊರತು ಹಸ್ತವನ್ನಲ್ಲ, ವಿವಾಹದಲ್ಲಾಗುವುದು ಪಾಣಿಗ್ರಹಣ. ಗೆಳತಿಯು ‘ಕೈ ಕೊಟ್ಟಳು’ ಎಂದರೋ, ವಂಚಿಸಿದಳೆಂದೇ ಅರ್ಥ! ಬಾಸೆಲ್ ಮಿಶನ್ನಿನ ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಬರಿಯ ಅರ್ಥಗಳಿಂದ ತೃಪ್ತರಾಗದೆ ಕಾವ್ಯಪ್ರಯೋಗಗಳನ್ನೂ ಗಾದೆಗಳನ್ನೂ ಸೇರಿಸಿದರು. ಹಳೆಯ ವಿದ್ಯಾರ್ಥಿನಿಯರಾಗಿದ್ದು ಈಗ ತಾಯಂದಿರಾಗಿರುವ ವಾಚಕರು ಅದೇ ಕ್ರಮವನ್ನು ಅನುಸರಿಸಿ, ಪ್ರತಿಯೊಂದು ಪದಕ್ಕೂ ಮಗಳ ಬಾಯಿಂದಲೇ ಒಂದು ವಾಕ್ಯವನ್ನು ಹೇಳಿಸಲಿ. ದಿನಕ್ಕೆ ಇಪ್ಪತ್ತರ ಬದಲು ನಾಲ್ಕೇ ಪದಗಳಾದರೂ ಚಿಂತೆಯಿಲ್ಲ.