ಕೋಚ್ ಬದಲಾದರೆ ಕಾಲು ಬದಲಾಗುತ್ತದೆಯೇ?

ಬೆಂಗಳೂರು ಎಫ್‌ಸಿ ಎರಡು ಪಂದ್ಯ ಸೋತರೆ ಸಾಕು, ಕಂಠೀರವದ ಗ್ಯಾಲರಿಯಿಂದ ವೈಟ್‌ಫೀಲ್ಡ್‌ನ ಟೆಕ್‌ಪಾರ್ಕ್ ಕ್ಯಾಂಟೀನ್‌ವರೆಗೆ ಒಂದೇ ಕೂಗು: ಕೋಚ್‌ನ ಕಿತ್ತುಹಾಕಿ! ಹೊಸಬರು ಬಂದರೆ ಇದೇ ಆಟಗಾರರು ಹುಲಿಗಳಾಗಿಬಿಡುತ್ತಾರಂತೆ. ಕೇಳಿ ಕೇಳಿ ರೋಸಿಹೋಗಿದೆ. ಇದು ಶುದ್ಧ ಸುಳ್ಳು.

ಸೈಮನ್ ಗ್ರೇಸನ್ ಅವರನ್ನೇ ನೋಡಿ. 2022–23ರಲ್ಲಿ ಬೆಂಗಳೂರು ಎಫ್‌ಸಿ ಅವರ ಕೈಕೆಳಗೆ ಮೂರು ಫೈನಲ್ ಆಡಿತು. ಡುರಾಂಡ್ ಕಪ್ ಗೆದ್ದಿತು, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ವರೆಗೂ ಹೋಗಿ ಸೋತಿತು. ಅದೇ 2023ರ ಡಿಸೆಂಬರ್‌ನಲ್ಲಿ ಅವರನ್ನು ಮನೆಗೆ ಕಳಿಸಲಾಯಿತು. ಒಂಬತ್ತು ತಿಂಗಳಲ್ಲಿ ಆ ಮನುಷ್ಯ ಫುಟ್‌ಬಾಲನ್ನೇ ಮರೆತರೇ? ಅದಕ್ಕೂ ಮೊದಲು ಕಾರ್ಲೆಸ್ ಕ್ವಾದ್ರಾತ್. 2019ರ ಮಾರ್ಚ್‌ನಲ್ಲಿ ಕ್ಲಬ್ಬಿಗೆ ಐಎಸ್‌ಎಲ್ ಕಿರೀಟ ತಂದುಕೊಟ್ಟವರು, 2021ರ ಜನವರಿಯಲ್ಲಿ ಹೊರಗೆ.

ಗ್ರೇಸನ್ ನಂತರ ಬಂದ ಜೆರಾರ್ಡ್ ಸರಗೋಸಾ ಹೆಸರೆತ್ತಿ ನನ್ನ ಬಾಯಿ ಮುಚ್ಚಿಸಲು ಬರಬೇಡಿ. 2023–24ರಲ್ಲಿ 10ನೇ ಸ್ಥಾನದಲ್ಲಿದ್ದ ತಂಡ ಮರುವರ್ಷ ಫೈನಲ್ ಮುಟ್ಟಿತು, ನಿಜ. ನಡುವೆ ಏನಾಯಿತು? ಮುಂಬೈ ಸಿಟಿಯಿಂದ ರಾಹುಲ್ ಭೇಕೆ, ನೊಗೆರಾ, ಪೆರೇರಾ ಡಿಯಾಸ್ ಬಂದರು. ಇದ್ದವರು ಸುಧಾರಿಸಿದ್ದಲ್ಲ, ಬೇರೆಯವರು ಬಂದದ್ದು. ಆ ಋತುವಿನಲ್ಲಿ 14 ಗೋಲು ಹೊಡೆದ ಸುನಿಲ್ ಛೆಟ್ರಿಗೆ ಆಗಲೇ ನಲವತ್ತು. ಅವರಿಗೆ ಹೆಡ್ ಮಾಡುವುದನ್ನು ಹೊಸ ಕೋಚ್ ಕಲಿಸಿದರೇ?

ಯಾರು ಎಲ್ಲಿ ನಿಲ್ಲಬೇಕು, ಯಾರನ್ನು ಬೆಂಚಿಗೆ ಕಳಿಸಬೇಕು ಎಂಬುದನ್ನು ಕೋಚ್ ಸರಿಪಡಿಸಬಲ್ಲರು, ಮೈ ಹದಗೊಳಿಸಬಲ್ಲರು. ಅಷ್ಟೇ. ಬೆನ್ನ ಹಿಂದೆ ಡಿಫೆಂಡರ್ ನುಗ್ಗಿ ಬರುತ್ತಿರುವಾಗ ವೇಗದ ಪಾಸನ್ನು ಪಾದದ ಒಳಬದಿಯಲ್ಲಿ ಮೆತ್ತಗೆ ಹಿಡಿದು, ಅದೇ ಸ್ಪರ್ಶದಲ್ಲಿ ತಿರುಗುವುದಿದೆಯಲ್ಲ, ಅದು ಹತ್ತು–ಹನ್ನೆರಡರ ವಯಸ್ಸಿನಲ್ಲಿ, ದಿನಾ ಸಂಜೆ ಆಡಿ ಆಡಿ ಕಾಲಿಗೆ ಹತ್ತಬೇಕು. ಇಪ್ಪತ್ತೈದಾದವನಿಗೆ ಆರು ತಿಂಗಳಲ್ಲಿ ಸ್ಪೇನಿನ ಕೋಚ್ ಬಂದು ಕೊಡುವ ವಿದ್ಯೆಯಲ್ಲ.

ಆ ಹತ್ತು–ಹನ್ನೆರಡರ ಹುಡುಗ ಸಂಜೆ ಆಡುವುದಾದರೂ ಎಲ್ಲಿ? ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಖಾಲಿ ಸೈಟು ಕಂಡರೆ ಬಲೆ ಕಟ್ಟಿ, ಲೈಟು ಹಾಕಿ ಟರ್ಫ್ ಮಾಡುತ್ತಾರೆ. ಬಾಡಿಗೆ ಗಂಟೆ ಲೆಕ್ಕದಲ್ಲಿ. ಒಳಗೆ ಕಂಪನಿ ಬನಿಯನ್ ತೊಟ್ಟವರ ಆಟ, ಬಲೆಯ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತ ಲೇಬರ್ ಶೆಡ್ಡಿನ ಮಕ್ಕಳು. ಪೀಣ್ಯದ ಕಾರ್ಮಿಕನ ಮಗನಿಗೆ ಅಕಾಡೆಮಿ ಫೀಸು ಕಟ್ಟುವವರು ಯಾರು? ಇದೇ ಪೂರ್ವ ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು, ತಂಡ ಕಟ್ಟಿ, ರಾಷ್ಟ್ರೀಯ ಲೀಗ್‌ವರೆಗೆ ಆಡಿದವು. ಅವುಗಳ ಆಸುಪಾಸಿನಲ್ಲಿ ಬೆಳೆದ ಸಾವಿರಾರು ಕೋಟಿ ವಹಿವಾಟಿನ ಐಟಿ ಕಂಪನಿಗಳು ಅಂಥ ಯಾವ ತಂಡವನ್ನು ಬೆಳೆಸಿವೆ?

ಇಷ್ಟಾದರೂ 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ರಿಯಾದ್‌ನ ಫೈನಲ್‌ನಲ್ಲಿ ಮೇಘಾಲಯದ ವಿರುದ್ಧ 3–2. ನಮ್ಮೂರ ಲೀಗಿನಲ್ಲಿ ಬೆವರು ಸುರಿಸಿ ಬೆಳೆದ ಹುಡುಗರಿದ್ದ ತಂಡ ಅದು. ಅವರ ಲೀಗ್ ಪಂದ್ಯ ನೋಡಲು ಅಶೋಕನಗರದ ಸ್ಟೇಡಿಯಂಗೆ ಹೋಗುವವರೆಷ್ಟು?

ಕೋಚ್‌ನ ತಲೆದಂಡ ಕೇಳುವ ಅಭಿಮಾನಿಗಳೇ, ಆ ಸಿಟ್ಟನ್ನು ಬೆಂಗಳೂರು ಪೂರ್ವ ನಗರ ಪಾಲಿಕೆಯ ಬಾಗಿಲಿಗೆ ಒಯ್ಯಿರಿ. ವಾರ್ಡಿಗೊಂದು ಮೈದಾನ ಕೇಳಿ. ಸಂಜೆ ನಾಲ್ಕರಿಂದ ಏಳರವರೆಗೆ, ಬಾಡಿಗೆಯಿಲ್ಲದೆ, ಮಕ್ಕಳಿಗೆ.