ಅವ್ವ ಫೋಟೋದಲ್ಲಿ ಯಾಕಿಲ್ಲ?



ಈ ಸಲ ಅಡಿಗೆಯ ಮಾತನ್ನು ಕೊನೆಗಿಟ್ಟು, ನಾವು ಹೆಂಗಸರು ಬಾಯಿಬಿಟ್ಟು ಹೇಳಿಕೊಳ್ಳದ ಒಂದು ಸಂಗತಿ ಎತ್ತಿಕೊಂಡಿದ್ದೇನೆ. ಮೂಗು ಮುರಿಯಬೇಡಿ. ಹೊಟ್ಟೆಯ ವಿಷಯ. ಇನ್ನೂ ನೇರವಾಗಿ ಹೇಳೋದಾದ್ರೆ, ಕಕ್ಕಸಿನ ವಿಷಯ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮಗಳು ಹಳೇ ಫೋಟೋಗಳನ್ನು ಹರಡಿಕೊಂಡು ಕೂತಿದ್ದಳು. ಮೈಸೂರಿನ ಮೃಗಾಲಯ, ದುಬಾರೆ ಆನೆ ಶಿಬಿರ, ಬೃಂದಾವನ. ಎಲ್ಲದರಲ್ಲೂ ಅವಳಿದ್ದಾಳೆ, ತಮ್ಮನಿದ್ದಾನೆ, ಅವರಪ್ಪ ಇದ್ದಾರೆ. “ಅವ್ವಾ, ಒಂದರಲ್ಲೂ ನೀನಿಲ್ಲವಲ್ಲ! ನಮ್ಮ ಜೊತೆ ಬರೋದು ನಿನಗೆ ಇಷ್ಟ ಇರ್ಲಿಲ್ವಾ?” ಅಂತ ಕೇಳಿಬಿಟ್ಟಳು.

ಏನು ಹೇಳಲಿ? ಪ್ರತಿ ಸಲವೂ ನನ್ನದೊಂದು ನೆಪ. ಹಸು ಕರು ಹಾಕೋದಿದೆ, ತೋಟಕ್ಕೆ ಆಳು ಬರ್ತಾರೆ, ತಲೆ ಸಿಡೀತಿದೆ. ನಿಜ ಸಂಗತಿಯೆಂದರೆ ಹನ್ನೊಂದು ವರ್ಷದಿಂದ ನನಗೆ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತವಾಗಿ ಹುಣ್ಣಾಗುವ ಕಾಯಿಲೆ. ಕೆಲವು ತಿಂಗಳು ಸುಮ್ಮನಿರುತ್ತದೆ, ಮತ್ತೆ ಕೆರಳುತ್ತದೆ. ಕೆರಳಿದಾಗ ದಿನಕ್ಕೆ ಎಂಟು ಹತ್ತು ಸಲ ಓಡಬೇಕು, ಐದು ನಿಮಿಷ ತಡೆಯೋ ಹಾಗಿಲ್ಲ. ಹೀಗಿರುವವಳು ಬಸ್ಸು ಹತ್ತುವುದು ಹೇಗೆ? ಮಕ್ಕಳ ಹತ್ತಿರ ಇದನ್ನು ಹೇಳೋಕೆ ನಾಚಿಕೆ. ಆ ನಾಚಿಕೆಗೆ ಮಗಳು ಕಟ್ಟಿಕೊಂಡ ಅರ್ಥವೇ ಬೇರೆ!

ಮೊದಲು ನಾನೂ ಇದನ್ನು ಆಮಶಂಕೆ ಅಂದುಕೊಂಡು ದಾಳಿಂಬೆ ಸಿಪ್ಪೆಯ ಕಷಾಯ ಕುಡಿದೆ. ರಕ್ತ ಕಂಡಾಗ ಮೂಲವ್ಯಾಧಿ ಅಂದುಕೊಂಡು ಮತ್ತೆಂಟು ತಿಂಗಳು ಕಳೆದೆ. ಕೊನೆಗೆ ಕೊಲೊನೊಸ್ಕೋಪಿ ಮಾಡಿಸಿದ ಮೇಲೆ ಹೆಸರು ಗೊತ್ತಾಯಿತು. ಇನ್ನೊಂದು ಕಾಯಿಲೆಯಿದೆ, ಐ.ಬಿ.ಎಸ್. ಅಂತಾರೆ. ಅದರಲ್ಲೂ ಹೊಟ್ಟೆ ಹಿಂಡುತ್ತದೆ, ಭೇದಿಯೋ ಮಲಬದ್ಧತೆಯೋ ಆಗುತ್ತದೆ, ಆದರೆ ಕರುಳಿನಲ್ಲಿ ಹುಣ್ಣಿರುವುದಿಲ್ಲ. ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು ಇವುಗಳಲ್ಲಿ ಒಂದಿದ್ದರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ಡಾಕ್ಟರ ಹತ್ತಿರ ಹೋಗಿ.

ಮಗಳಿಗೆ ಅವತ್ತು ಎಲ್ಲಾ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಈ ಸಲ ನೀನು ಬರೋ ಹಾಗೆ ಹೋಗೋಣ” ಅಂದಳು. ಅವಳ ಮನಸ್ಸಿದ್ದದ್ದು ಬಿಡದಿಯ ಹತ್ತಿರದ ವಂಡರ್‌ಲಾ ಮೇಲೆ. 2005ರಲ್ಲಿ ಶುರುವಾದ ಜಾಗ. ಗಿರಗಿರ ತಿರುಗುವುದು, ತಲೆಕೆಳಗಾಗುವುದು, ನೀರಿನಲ್ಲಿ ಜಾರುವುದು ಅಂತ ಐವತ್ತಕ್ಕೂ ಹೆಚ್ಚು ಆಟ. ನನ್ನಂಥವಳಿಗೆ ಭಯ ಆಟದ್ದಲ್ಲ ಕಣ್ರೀ, ಆಟಕ್ಕೆ ಮುಂಚಿನ ಸಾಲಿನದು. ಕಂಬಿಗಳ ನಡುವೆ ಹಾವಿನ ಹಾಗೆ ಸುತ್ತಿದ ಸಾಲಿನ ಮಧ್ಯೆ ಸಿಕ್ಕಿಕೊಂಡರೆ ಹೊರಗೆ ಬರೋದು ಹೇಗೆ?

ಮಡಿಕೇರಿಯಿಂದ ಒಂದೇ ದಿನದಲ್ಲಿ ಹೋಗಿ ಬರೋದು ನನಗೆ ಆಗದ ಮಾತು. ನನ್ನ ಹೊಟ್ಟೆಯ ರಗಳೆಯೆಲ್ಲಾ ಬೆಳಿಗ್ಗೆಯೇ. ಹಾಗಾಗಿ ಹಿಂದಿನ ದಿನವೇ ಮೈಸೂರಿನ ನಾದಿನಿಯ ಮನೆಗೆ ಹೋಗಿ ಉಳಿದೆವು. ಮಾರನೇ ದಿನ ನನ್ನ ಬೆಳಗಿನ ರಾಮಾಯಣ ಮುಗಿದ ಮೇಲೆ, ಒಂಬತ್ತಕ್ಕೆ ಹೊರಟದ್ದು. ವಾರದ ನಡುವಿನ ದಿನವನ್ನೇ ಆರಿಸಿಕೊಂಡಿದ್ದೆವು.

ದಾರಿಯ ಬಗ್ಗೆ ಒಂದು ಮಾತು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಓಡುತ್ತದೆ. ಬೇಗ ಹೋಗುತ್ತೇವೆ, ಸರಿ. ಆದರೆ ಅರ್ಜೆಂಟಾದರೆ ಊರು ಕಣ್ಣಿಗೆ ಕಂಡರೂ ಕೈಗೆ ಸಿಗುವುದಿಲ್ಲ, ಇಳಿಯೋ ದಾರಿ ಬರೋವರೆಗೂ ಕಾಯಬೇಕು. ನಾನು ಹಳೇ ರಸ್ತೆಯಲ್ಲೇ ಹೋಗೋಣ ಅಂದೆ. ನಮ್ಮವರು ಗೊಣಗಲಿಲ್ಲ, ಅದೇ ದೊಡ್ಡದು. ದಾರಿಯಲ್ಲಿ ಒಂದು ಹೋಟೆಲಿನವನು ಮಾತ್ರ, “ತಿಂಡಿ ತಗೊಂಡೋರಿಗಷ್ಟೇ ಬಾತ್‌ರೂಮು” ಅಂದ. ಆ ಹೊತ್ತಿನಲ್ಲಿ ನ್ಯಾಯ ಮಾತಾಡೋಕಾಗುತ್ತಾ? ನಾಲ್ಕು ವಡೆಗೆ ದುಡ್ಡು ಕೊಟ್ಟು ಒಳಗೆ ಓಡಿದೆ.

ಅಮೆರಿಕದಲ್ಲಿ ಹೀಗೇ ಒಂದು ಅಂಗಡಿಯಲ್ಲಿ ಆಲಿ ಬೇನ್ ಎಂಬ ಹುಡುಗಿಗೆ ಕಕ್ಕಸಿಗೆ ಬಿಡಲಿಲ್ಲವಂತೆ. ಅವಳಿಗೆ ಕ್ರೋನ್ಸ್ ಎಂಬ, ನನ್ನದರ ದಾಯಾದಿ ಕಾಯಿಲೆ. ಆ ಹುಡುಗಿ, ಅವಳ ತಾಯಿ ಪಟ್ಟು ಹಿಡಿದದ್ದರಿಂದ 2005ರಲ್ಲಿ ಇಲಿನಾಯ್ ರಾಜ್ಯದಲ್ಲಿ ಕಾನೂನೇ ಆಯಿತು: ಇಂಥ ಕಾಯಿಲೆಯವರು ಕೇಳಿದರೆ ಅಂಗಡಿಯವರು ತಮ್ಮ ನೌಕರರ ಕಕ್ಕಸನ್ನಾದರೂ ಬಿಟ್ಟುಕೊಡಬೇಕು. ಹಾಗಂತ ಅಲ್ಲಿ ಎಲ್ಲವೂ ಸುಖ ಅಂತಲ್ಲ. ಡಿಸ್ನಿಯವರ ಉದ್ಯಾನಗಳಲ್ಲಿ ಸಾಲಿನಲ್ಲಿ ನಿಲ್ಲಲಾರದವರು ಹೊರಗೆ ಕೂತು ತಮ್ಮ ಸರದಿಗೆ ಬರುವ ಏರ್ಪಾಡಿತ್ತು. 2024ರಲ್ಲಿ ಅದನ್ನು ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆಯವರಿಗೆ ಅಂತ ಬಿಗಿ ಮಾಡಿದಾಗ ಕರುಳಿನ ಕಾಯಿಲೆಯವರು ಬಹಳ ನೊಂದುಕೊಂಡರು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲೂ ನಮ್ಮ ಕಾಯಿಲೆಯ ಹೆಸರಿಲ್ಲ. ನೋಡೋಕೆ ಗಟ್ಟಿಮುಟ್ಟಾಗಿ ಕಾಣ್ತೀವಲ್ಲ, ನಂಬೋರ್ಯಾರು!

ಒಳಗೆ ಹೋದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಕಕ್ಕಸುಗಳು ಎಲ್ಲೆಲ್ಲಿವೆ ಅಂತ ಒಂದು ಸುತ್ತು ನೋಡಿಕೊಂಡು ಬಂದದ್ದು. ಮಗನಿಗೆ ನಗು, ನನಗೆ ನೆಮ್ಮದಿ. ಹೆಚ್ಚು ದುಡ್ಡಿನ ಬೇರೆ ಟಿಕೆಟ್ ಕೊಂಡರೆ ಸಾಲು ಚಿಕ್ಕದಾಗುತ್ತದೆ. ನಾಲ್ಕು ಜನಕ್ಕೆ ಅದು ನಮ್ಮ ಕೈಗೆ ನಿಲುಕಲಿಲ್ಲ. ಬದಲಿಗೆ ಅವರು ಮೂವರೂ ಸಾಲಿನಲ್ಲಿ ನಿಲ್ಲೋದು, ನಾನು ಹತ್ತಿರದ ಬೆಂಚಿನಲ್ಲಿ ಕೂರೋದು, ಸರದಿ ಹತ್ತಿರ ಬಂದಾಗ ಮಗಳು ಫೋನು ಮಾಡೋದು. ಒಂದು ಕಡೆ ಹಿಂದಿನವರು ಗೊಣಗಿದರು. ಮಗಳು ತಿರುಗಿ, “ನಮ್ಮವ್ವನಿಗೆ ಕರುಳಿನ ಕಾಯಿಲೆ, ತುಂಬಾ ಹೊತ್ತು ನಿಲ್ಲೋಕಾಗಲ್ಲ” ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿಬಿಟ್ಟಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಗೊಣಗಿದಾಕೆ ಪಕ್ಕಕ್ಕೆ ಸರಿದು, ಆಮೇಲೆ ಮೆಲ್ಲಗೆ, “ಯಾವ ಡಾಕ್ಟರಿಗೆ ತೋರಿಸ್ತೀರಿ?” ಅಂತ ಕೇಳಿದರು. ಅವರಿಗೂ ಎರಡು ವರ್ಷದಿಂದ ರಕ್ತ ಹೋಗ್ತಿದೆಯಂತೆ, ಮನೆಯಲ್ಲಿ ಹೇಳಿಲ್ಲವಂತೆ.

ತಲೆಕೆಳಗಾಗುವ ಆಟಗಳ ಸುದ್ದಿಗೆ ನಾನು ಹೋಗಲಿಲ್ಲ. ಹೊಟ್ಟೆಯ ಮೇಲೆ ಕಂಬಿ ಬಿಗಿಯುವುದು ನನಗಾಗದು. ನೀರಿನಾಟಕ್ಕೆ ನೈಲಾನ್ ಬಟ್ಟೆ ಬೇಕು ಅನ್ನುತ್ತಾರೆ. ಒದ್ದೆಯಾದ ನೈಲಾನು ಮೈಗಂಟಿಕೊಂಡರೆ ಅವಸರಕ್ಕೆ ಬಿಚ್ಚೋದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು. ಸಡಿಲವಾದ ಪ್ಯಾಂಟೇ ಒಳ್ಳೇದು. ಭೇದಿ ಆಗುತ್ತಿರುವ ದಿನ ಮಾತ್ರ ದಯವಿಟ್ಟು ಕೊಳಕ್ಕೆ ಇಳಿಯಬೇಡಿ. ಅದು ಸೋಂಕಿನದಾಗಿದ್ದರೆ ಪಾಪ, ಬೇರೆಯವರ ಮಕ್ಕಳಿಗೆ ಅಂಟುತ್ತದೆ. ನನಗೆ ಅವತ್ತು ಸಮಾಧಾನವಿತ್ತು. ನಿಧಾನವಾಗಿ ಹರಿಯುವ ನೀರಿನಲ್ಲಿ ರಬ್ಬರ್ ಟ್ಯೂಬಿನ ಮೇಲೆ ತೇಲಿದೆ. ನಲವತ್ತು ದಾಟಿದವಳು, ಮಕ್ಕಳ ಎದುರಿಗೆ, ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ!

ಔಷಧದ ಮಾತು ಮರೆಯಬಾರದು. ಭೇದಿ ನಿಲ್ಲಿಸೋ ಮಾತ್ರೆಯನ್ನು ಪಕ್ಕದ ಮನೆಯವರು ಹೇಳಿದರು ಅಂತ ನುಂಗಬೇಡಿ. ಕೊಲೈಟಿಸ್ ಕೆರಳಿದಾಗ ಅದು ಕರುಳನ್ನು ಅಪಾಯಕಾರಿಯಾಗಿ ಉಬ್ಬಿಸಬಹುದು. ಸ್ಟಿರಾಯ್ಡ್ ಮಾತ್ರೆಯನ್ನು ಪ್ರವಾಸದ ಗಡಿಬಿಡಿಯಲ್ಲಿ ತಟ್ಟನೆ ಬಿಡಬಾರದು. ನೀರಿಳಿದು ಸುಸ್ತಾದರೆ, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯಿರಿ. ಕಾಫಿ ಕರುಳನ್ನು ಚುರುಕು ಮಾಡುತ್ತದೆ, ಹೊರಡುವ ದಿನ ಬೇಡ. ಕೊಡಗಿನವಳಿಗೆ ಇದು ಶಿಕ್ಷೆಯೇ, ಆದರೂ ನಮ್ಮ ಬೆಲ್ಲದ ಕಾಫಿಯನ್ನು ಸಂಜೆಗೆ ಎತ್ತಿಟ್ಟೆ.

ಇನ್ನು ಬುತ್ತಿ. ನಾನು ಕಟ್ಟಿಕೊಂಡದ್ದು ಕಡಂಬಿಟ್ಟು. ಒಂದು ಲೋಟ ಅಕ್ಕಿ ತರಿಗೆ ಎರಡು ಲೋಟ ನೀರು ಕುದಿಸಿ, ಉಪ್ಪು, ಒಂದು ಚಮಚ ತುಪ್ಪ ಹಾಕಿ, ತರಿ ಸುರಿದು ಗಂಟಾಗದಂತೆ ಕೈಯಾಡಿಸಿ. ನೀರು ಹೀರಿದ ಮೇಲೆ ಮುಚ್ಚಿಟ್ಟು, ಬಿಸಿ ಆರುವ ಮೊದಲೇ ನಿಂಬೆ ಗಾತ್ರದ ಉಂಡೆ ಕಟ್ಟಿ ಹಬೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಹೊಟ್ಟೆ ಸರಿಯಿಲ್ಲದವರಿಗೆ ತೆಂಗಿನತುರಿ ಬೇಡ. ಹೊರಗಿನ ತಿಂಡಿ ಒಳಗೆ ಬಿಡದ ಜಾಗಗಳೇ ಹೆಚ್ಚು. ನಾನು ಅರ್ಧವನ್ನು ಗೇಟಿನ ಹೊರಗೇ ತಿಂದು ಒಳಗೆ ಹೋದೆ, ಉಳಿದದ್ದು ವಾಪಸು ಬರುವಾಗ.

ಬರುವ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಬೇಕು ಅಂತ ಮಗಳ ಹಟ. ತೀರ್ಥೋದ್ಭವ ನಡುರಾತ್ರಿಯೋ ಬೆಳಗಿನ ಜಾವವೋ ಆದರೆ ಆ ಚಳಿ, ಆ ಜನಜಂಗುಳಿ! ಅಲ್ಲಿ ಹೆಂಗಸರ ಕಕ್ಕಸು ಎಲ್ಲಿದೆ, ರಾತ್ರಿ ತೆರೆದಿರುತ್ತಾ ಅಂತ ವಿಚಾರಿಸಿಕೊಂಡು ಬರೋಕೆ ನಮ್ಮವರಿಗೆ ಈಗಲೇ ಹೇಳಿದ್ದೇನೆ.