ಮಾಯದ ತುರಿಕೆ: ಬಯಾಪ್ಸಿಗೆ ಅಂಜಬೇಡಿ

ತೊಡೆಸಂದಿಯಲ್ಲಿ, ಜನನಾಂಗದಲ್ಲಿ ಅಥವಾ ಗುದದ ಸುತ್ತ ತಿಂಗಳುಗಟ್ಟಲೆ ಮಾಯದ ಕೆಂಪು ಕಲೆ, ತುರಿಕೆ ಕಂಡರೆ ಇಸುಬೆಂದು ಮುಲಾಮು ಹಚ್ಚುತ್ತ ಕೂರುವವರೇ ಹೆಚ್ಚು. ವಯಸ್ಸಾದವರಲ್ಲಿ, ವಿರಳವಾಗಿ, ಅದು ಪ್ಯಾಜೆಟ್ ವ್ಯಾಧಿಯೆಂಬ ಚರ್ಮದ ಕ್ಯಾನ್ಸರ್ ಆಗಿರಬಹುದು. 1874ರಲ್ಲಿ ಇಂಗ್ಲೆಂಡಿನ ಸರ್ ಜೇಮ್ಸ್ ಪ್ಯಾಜೆಟ್ ಇದನ್ನು ಸ್ತನದಲ್ಲಿ ಗುರುತಿಸಿದರು; 1889ರಲ್ಲಿ ಕ್ರಾಕರ್ ಜನನಾಂಗದ ಚರ್ಮದಲ್ಲಿಯೂ ಕಂಡರು.

ಈ ರೋಗವು ಕಣ್ಣಿಗೆ ಕಾಣುವ ಅಂಚನ್ನು ಮೀರಿ ಹರಡಿರುವುದುಂಟು. ಆದುದರಿಂದ ಶಸ್ತ್ರಚಿಕಿತ್ಸೆಗೆ ಮುನ್ನ ಕಲೆಯ ಸುತ್ತ ಹಲವೆಡೆ ಚರ್ಮದ ಸಣ್ಣ ತುಣುಕುಗಳನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗದ ಎಲ್ಲೆಯನ್ನು ಗುರುತಿಸುವ ಕ್ರಮವಿದೆ. ಎಲ್ಲೆ ತಿಳಿದರೆ ರೋಗವನ್ನು ಉಳಿಸದೆ, ಆರೋಗ್ಯಕರ ಚರ್ಮವನ್ನು ವೃಥಾ ಕತ್ತರಿಸದೆ ಶಸ್ತ್ರಕರ್ಮ ನಡೆಸಲು ಅನುಕೂಲ. ಹಾಗಿದ್ದೂ ರೋಗ ಮರುಕಳಿಸಬಹುದಾದ್ದರಿಂದ ವರ್ಷಗಟ್ಟಲೆ ತಪಾಸಣೆ ಅಗತ್ಯ.

ತುಣುಕು ತೆಗೆದರೆ ಈ ಕ್ಯಾನ್ಸರ್ ಹರಡುವುದೆಂಬ ಭಯಕ್ಕೆ ಆಧಾರವಿಲ್ಲ. ಅರ್ಬುದದ ಶೇಷ ಉಳಿದರೆ ಅದು ಮತ್ತೆ ಬೆಳೆಯುವುದೆಂದು ಸುಶ್ರುತಸಂಹಿತೆಯೇ ಎಚ್ಚರಿಸಿದೆ. ಹೀಗಿರುವಾಗ ಆಯುರ್ವೇದದ ಹೆಸರಿನಲ್ಲಿ ಬಯಾಪ್ಸಿಯನ್ನು ಮುಂದೂಡುವುದು ಶಾಸ್ತ್ರಸಮ್ಮತವಲ್ಲವೆಂಬುದು ನಮ್ಮ ಅಭಿಮತ. ಕೆಲವು ವಾರಗಳ ಚಿಕಿತ್ಸೆಗೂ ಬಗ್ಗದ ಕಲೆಯನ್ನು, ಸಂಕೋಚ ಬದಿಗಿಟ್ಟು, ಚರ್ಮರೋಗ ತಜ್ಞರಿಗೆ ತೋರಿಸಿರಿ. ಮನೆಯ ಹಿರಿಯರು ನಾಚಿಕೆಯಿಂದ ಮರೆಮಾಚುತ್ತಿದ್ದರೆ, ಮಕ್ಕಳೇ ಮೆಲ್ಲನೆ ವಿಚಾರಿಸಲಿ.